ಬೋರಲು ಹಾಕದ ಬೋಗುಣಿ

ಖಾಲಿ ಪಾತ್ರೆಯೊಂದನ್ನು ಅಂಗಳದಲ್ಲಿ ಬಾಯಿ ಮೇಲಾಗಿ ಇಡಬೇಕೋ ಕೆಳಗಾಗಿ ಇಡಬೇಕೋ ಎಂಬುದು ತತ್ತ್ವಜ್ಞಾನಿಗಳು ತಲೆ ಕೆಡಿಸಿಕೊಳ್ಳುವಂತಹ ಪ್ರಶ್ನೆಯಲ್ಲವೆಂದು ನಾನು ಬಲ್ಲೆ. ಆದರೂ ಚಳ್ಳಕೆರೆಯ ನಮ್ಮ ಮನೆಯಲ್ಲಿ ಈ ವಿಷಯವಾಗಿ ಒಂದು ಸಂವಿಧಾನವೇ ಜಾರಿಯಲ್ಲಿದೆ. ಸೂರಿನ ಅಂಚಿಗೆ ಸರಿಯಾಗಿ, ನಗ್ಗಿಹೋದ ಒಂದು ಅಲ್ಯೂಮಿನಿಯಂ ಬೋಗುಣಿ ವರ್ಷವಿಡೀ ಆಕಾಶಕ್ಕೆ ಬಾಯ್ದೆರೆದು ಕುಳಿತಿರುತ್ತದೆ. ಬಹುತೇಕ ದಿನಗಳಲ್ಲಿ ಅದರೊಳಗೆ ಇರುವುದು ಬಿಸಿಲು, ಬೇವಿನ ಎಲೆ, ಒಮ್ಮೊಮ್ಮೆ ಪಕ್ಕದ ಮನೆಯ ಬೆಕ್ಕು. ಮಳೆಯೆಂಬ ಅತಿಥಿ ಬರುವುದು ಅಪರೂಪಕ್ಕೆ. ಆದರೆ ಬಂದಾಗ ಎಲೆ ಹಾಕಿರಲಿಲ್ಲವೆಂಬ ಅಪವಾದ ನಮಗೆ ತಟ್ಟಕೂಡದು ಎಂಬುದು ನನ್ನ ಹೆಂಡತಿ ರತ್ನಳ ನಿಲುವು. ಅಂಗಳದಲ್ಲಿ ಪಾತ್ರೆಯನ್ನು ಬೋರಲು ಹಾಕಿದರೆ ಮಳೆಯ ಮುಖಕ್ಕೆ ಬಾಗಿಲು ಹಾಕಿದಂತೆ. ಅವಳ ಅವ್ವ ಹಾಗೆ ಮಾಡಲಿಲ್ಲ. ಅವ್ವನ ಅವ್ವನೂ ಮಾಡಲಿಲ್ಲ.

ಈ ಸಂವಿಧಾನಕ್ಕೆ ಅಡುಗೆಮನೆಯ ಸಮರ್ಥನೆಯೂ ಉಂಟು. ನಮ್ಮ ಕೊಳವೆಬಾವಿಯ ನೀರಿಗೂ ತೊಗರಿಬೇಳೆಗೂ ಹಳೆಯ ವೈರ. ಎಷ್ಟು ಕುದಿಸಿದರೂ ಬೇಳೆ ತನ್ನ ವ್ಯಕ್ತಿತ್ವವನ್ನು ಬಿಟ್ಟುಕೊಡುವುದಿಲ್ಲ, ಪಾತ್ರೆಯ ತಳದಲ್ಲಿ ಮಾತ್ರ ಸುಣ್ಣ ಬಳಿದಂತೆ ಬಿಳಿಯ ಪದರ ಕಟ್ಟುತ್ತದೆ. ಅದೇ ಬೇಳೆ ಮಳೆನೀರು ಕಂಡೊಡನೆ ಬೆಣ್ಣೆಯಂತೆ ಕರಗುತ್ತದೆ. ಆದ್ದರಿಂದ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ವಾರ್ತಾವಾಚಕರು ಗಂಭೀರಮುದ್ರೆಯಿಂದ ಓದುವ ಸಮಾಚಾರ ನಮ್ಮ ಸೀಮೆಯಲ್ಲಿ ಶುಭವಾರ್ತೆ. ಎಲ್ಲೋ ದೂರದ ಸಮುದ್ರದಲ್ಲಿ ಗಾಳಿ ಕೆರಳಿದರೆ ಅದರ ಸೆರಗು ನಮ್ಮತ್ತಲೂ ಬೀಸಿ, ಮುಂಗಾರು ಕೈಕೊಟ್ಟ ಬಯಲಿಗೆ ನಾಲ್ಕು ಹನಿ ಉದುರಿಸುತ್ತದೆ. ಉಳ್ಳಾರ್ತಿ ಕಾವಲಿನಲ್ಲಿ ಕುರಿ ಮೇಯಿಸುವವರು ಕಂಬಳಿ ಹೊದೆಯುವುದಕ್ಕೆ ಮೊದಲು ಮುಗಿಲಿಗೆ ಕೈ ಮುಗಿಯುತ್ತಾರೆ. ವಾರ್ತೆ ಮುಗಿಯುವುದಕ್ಕೆ ಮೊದಲೇ ರತ್ನ ಹೊರಗೆ ಹೋಗಿ ಬೋಗುಣಿಯ ಧೂಳನ್ನು ಸೆರಗಿನಿಂದ ಒರೆಸಿ ಬರುತ್ತಾಳೆ. ಕುಸಿತವನ್ನು ಹೀಗೆ ಸಂಭ್ರಮಿಸುವ ಜನ ಬೇರೆಲ್ಲಿಯಾದರೂ ಇದ್ದಾರೆಯೇ ಎಂದು ನನಗೆ ತಿಳಿಯದು.

ಇದರಲ್ಲಿ ವಿಚಿತ್ರವೇನೆಂದರೆ, ರತ್ನ ಹುಟ್ಟಿ ಬೆಳೆದದ್ದು ಮಳೆಯಿಂದ ನಷ್ಟವಾಗುವ ಮನೆಯಲ್ಲಿ. ಮೊಳಕಾಲ್ಮೂರಿನ ನೇಕಾರರ ಕುಟುಂಬ ಅದು. ಒಳಮಾತು ತೆಲುಗು, ಹೊರಮಾತು ಕನ್ನಡ, ಎರಡರ ನಡುವೆ ಮಗ್ಗದ ಸದ್ದು. ಮಳೆ ಹಿಡಿದರೆ ಮಗ್ಗದ ಗುಂಡಿಯಲ್ಲಿ ತೇವ ಏರುತ್ತದೆ, ರೇಷ್ಮೆಯ ಎಳೆ ಬಿಗಿ ತಪ್ಪುತ್ತದೆ, ನೇಯುವವನು ಕಾಲು ಮೇಲೆತ್ತಿಕೊಂಡು ಗೊಣಗುತ್ತ ಕೂರಬೇಕಾಗುತ್ತದೆ. ನನ್ನ ಮಾವನವರು ಗೊಣಗುತ್ತಲೇ ಇದ್ದರು; ಅತ್ತೆಯವರು ಬೋಗುಣಿಯನ್ನು ಹೊರಗಿಡುತ್ತಲೇ ಇದ್ದರು. "ಮಗ್ಗ ನಿಂತ್ರೆ ನಾಳೆ ನಡೀತೈತೆ, ಮಳೆ ನಿಂತ್ರೆ ಯಾರು ಕರ್ಕಂಡು ಬರ್ತೀರಿ?" ಎಂಬುದು ಅವರ ಪ್ರಶ್ನೆ. ಮದುವೆಯಾದಾಗ ರತ್ನಳ ಜೊತೆ ನಮ್ಮ ಮನೆಗೆ ಬಂದದ್ದು ಆ ಬೋಗುಣಿ ಮತ್ತು ಆ ಪ್ರಶ್ನೆ.

ನಾನಾದರೋ ಕಾರ್ಯಕಾರಣ ಸಂಬಂಧದ ಕಟ್ಟಾಳು. ಬಹುಕಾಲ ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಬೋಧಿಸಿ, ಕರ್ತೃವಿಲ್ಲದೆ ಕ್ರಿಯೆಯಿಲ್ಲವೆಂದು ಮಕ್ಕಳ ತಲೆಗೆ ತುಂಬಿ, ಮದುವೆಯ ಕರೆಯೋಲೆಗಳನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದ ಖ್ಯಾತಿ ನನ್ನದು. (ಊಟಕ್ಕೆ ಕರೆಯುವವರ ಸಂಖ್ಯೆ ತರುವಾಯ ಇಳಿಮುಖವಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ.) ಕಳೆದ ವರ್ಷ ಕೆಲಸ ಬಿಟ್ಟು ಮನೆಯಲ್ಲಿ ಕುಳಿತಾಗ, ತಿದ್ದಲು ಹೆಂಡತಿಯ ಹೊರತು ಬೇರೆ ಏನೂ ಉಳಿಯಲಿಲ್ಲ. ಅವಳು ಇದನ್ನು ಬೇಗ ಗ್ರಹಿಸಿದಳು. ತಮ್ಮನಿಗೆ ಫೋನು ಮಾಡಿ, "ಇವರನ್ನ ಎಲ್ಲಿಗಾದ್ರೂ ಕರ್ಕಂಡು ಹೋಗಾನ ಬಾರೋ ಗೋವಿಂದ, ಗೋಡೆ ಮೇಲಿನ ಕ್ಯಾಲೆಂಡರ್ ತಿದ್ದಾಕೆ ಹತ್ಯಾರೆ" ಎಂದದ್ದನ್ನು ಈ ಕಿವಿಗಳೇ ಕೇಳಿದವು.

ನನ್ನ ಭಾವಮೈದುನ ಗೋವಿಂದ ಮೊಳಕಾಲ್ಮೂರಿನಿಂದ ಊರೂರಿಗೆ ಸೀರೆ ಸಾಗಿಸುವವನು. ಕೈಯಲ್ಲಿ ಸ್ಟಿಯರಿಂಗ್ ಇದ್ದರೆ ಹಸಿವು ನಿದ್ರೆಗಳನ್ನು ಮರೆಯುವವನು. ಕುದಾಪುರದ ಕಡೆ ಹುಲ್ಲುಗಾವಲಿನಲ್ಲಿ ಎದ್ದಿರುವ ಸಂಶೋಧನಾ ಸಂಸ್ಥೆಗಳಿಗೆ ನೌಕರರನ್ನು ಹೊತ್ತು ಹೊತ್ತು ಸವೆದಿದ್ದ ಒಂದು ಟೆಂಪೊವನ್ನು ಅವನು ಕೊಂಡಿದ್ದ. ಸೀಟುಗಳನ್ನು ಕಿತ್ತು, ಬಿಚ್ಚಿಹಾಕಿದ್ದ ಹಳೆಯ ಮಗ್ಗದ ಮರದಿಂದ ಎರಡು ಮಂಚ ಮಾಡಿಸಿ, ಮೂಲೆಯಲ್ಲಿ ಗ್ಯಾಸ್ ಒಲೆ ಕೂರಿಸಿ, ಎಳೆ ತಪ್ಪಿ ಮಾರಾಟಕ್ಕೆ ಹೋಗದೆ ಉಳಿದಿದ್ದ ರೇಷ್ಮೆ ಸೀರೆಗಳನ್ನು ಕಿಟಕಿಗಳಿಗೆ ಪರದೆಯಾಗಿ ಕಟ್ಟಿದ. ಒಳಗೆ ಕುಳಿತರೆ ಯಾರದೋ ಮದುವೆಯ ಮಂಟಪವೇ ಗಾಲಿ ಕಟ್ಟಿಕೊಂಡು ಹೊರಟಂತೆ. ಇದರಲ್ಲಿ ಮಲಗುತ್ತ, ಇದರಲ್ಲೇ ಅಡುಗೆ ಮಾಡುತ್ತ, ನೆಲ್ಲೂರಿನ ಬಳಿ ಸಮುದ್ರವನ್ನು ಮುಟ್ಟಿ, ಅಲ್ಲಿಂದ ಕರಾವಳಿಯ ಗುಂಟ ಪುರಿಯವರೆಗೆ ಹೋಗುವುದೆಂದು ತೀರ್ಮಾನವಾಯಿತು. ಆ ಕರಾವಳಿಗೂ ಚಂಡಮಾರುತಕ್ಕೂ ಕಾರ್ತೀಕದಲ್ಲಿ ಇರುವ ನಂಟನ್ನು ನಾನು ಪ್ರಸ್ತಾಪಿಸಿದೆ. "ಮಳೆ ಬಂದ್ರೆ ಒಳ್ಳೇದಲ್ವೇನ್ರಿ?" ಎಂದು ರತ್ನ ಕೇಳಿ, ಬೋಗುಣಿಯನ್ನು ಮಂಚದ ಕೆಳಗೆ ತುರುಕಿದಳು.

ರಾಯದುರ್ಗದ ಬಳಿ ಆಂಧ್ರದ ಗಡಿ ದಾಟುವವರೆಗೆ ನನ್ನ ಪ್ರಯಾಣ ಸಾರ್ಥಕವಾಗಿತ್ತು. ದಾರಿಯ ಫಲಕಗಳಲ್ಲಿ ತಪ್ಪುಗಳು ಸಮೃದ್ಧವಾಗಿದ್ದವು. ಪ್ರತಿಯೊಂದನ್ನೂ ಗಟ್ಟಿಯಾಗಿ ಘೋಷಿಸುತ್ತ ಬಂದೆ. ಅನಂತರ ಫಲಕಗಳೆಲ್ಲ ತೆಲುಗಿಗೆ ತಿರುಗಿ, ಅವುಗಳ ದೋಷಗಳು ನನ್ನ ಅಧಿಕಾರವ್ಯಾಪ್ತಿಯಿಂದ ಹೊರಗೆ ಹೋದವು. "ಭಾವ, ಈಗ ಆರಾಮಾಗಿ ಮಲಕ್ಕಳ್ರಿ" ಎಂದು ಗೋವಿಂದ ಹೇಳಿದ ದನಿಯಲ್ಲಿ ಸಹಾನುಭೂತಿಗಿಂತ ಸಮಾಧಾನವೇ ಹೆಚ್ಚಾಗಿತ್ತು. ನನಗೆ ಉಳಿದದ್ದು ನನ್ನ ವೇಳಾಪಟ್ಟಿ. ಯಾವ ಊರಿಗೆ ಎಂದು ತಲುಪಬೇಕು, ಎಲ್ಲಿ ಸ್ನಾನ, ಎಲ್ಲಿ ಉಪಾಹಾರ ಎಂಬುದನ್ನೆಲ್ಲ ದುಂಡಕ್ಷರದಲ್ಲಿ ಬರೆದು ಟೆಂಪೊದ ಬಾಗಿಲಿನ ಒಳಮೈಗೆ ಅಂಟಿಸಿದ್ದೆ. ಒಂಗೋಲಿನ ಹೊತ್ತಿಗೆ ಕಿಟಕಿಯಿಂದ ಸೋರಿದ ಮಳೆಯಲ್ಲಿ ಅದರ ಶಾಯಿ ಹರಿದು, ಸ್ನಾನವೂ ಉಪಾಹಾರವೂ ಒಂದೇ ನೀಲಿ ಕಲೆಯೊಳಗೆ ಅದ್ವೈತವನ್ನು ಸಾಧಿಸಿದವು.

ಅದಕ್ಕೆ ಮೊದಲೇ, ನೆಲ್ಲೂರಿನ ಬಳಿ, ಸಮುದ್ರವನ್ನು ಮೊದಲ ಬಾರಿಗೆ ಕಂಡ ರತ್ನ ಸೀರೆ ಎತ್ತಿ ಕಟ್ಟಿ ಅಲೆಯ ಅಂಚಿಗೆ ನಡೆದಳು. ಅನಂತ, ಅಗಾಧ ಮುಂತಾದ ವಿಶೇಷಣಗಳನ್ನು ನಾನು ಸಿದ್ಧಪಡಿಸಿಕೊಳ್ಳುತ್ತಿದ್ದೆ. ಅವಳು ಕೈಯದ್ದಿ, ಬೆರಳನ್ನು ನಾಲಗೆಗೆ ಸೋಕಿಸಿ, "ಇಷ್ಟು ನೀರೈತೆ, ಒಂದು ಪಾವು ಬೇಳೆ ಬೇಯಿಸಾಕೆ ಬರಲ್ಲ. ಯಾರಿಗೆ ಬೇಕ್ರಿ ಇದು?" ಎಂದಳು. ವಿಶೇಷಣಗಳನ್ನು ನಾನು ಹಾಗೆಯೇ ಮಡಿಚಿಟ್ಟುಕೊಂಡೆ.

ಆಕಾಶ ಮಾತ್ರ ಅವಳನ್ನು ನಿರಾಶೆಗೊಳಿಸಲಿಲ್ಲ. ಟೆಂಪೊ ಎಲ್ಲಿ ನಿಂತರೂ ಮೊದಲು ಇಳಿಯುತ್ತಿದ್ದದ್ದು ಬೋಗುಣಿ. ಪೆಟ್ರೋಲ್ ಬಂಕಿನ ಅಂಚಿನಲ್ಲಿ, ತೆಂಗಿನ ತೋಪಿನ ಬದಿಯಲ್ಲಿ, ಒಮ್ಮೆ ಒಂದು ಕಲ್ಯಾಣಮಂಟಪದ ಮುಂದೆಯೂ ಅದು ಬಾಯ್ದೆರೆದು ಕುಳಿತಿತು. ಅಲ್ಲಿ ಯಾರೋ ಪುಣ್ಯಾತ್ಮರು ಅದರೊಳಗೆ ಚಿಲ್ಲರೆ ಹಾಕಿ ಹೋದರು. ಪ್ರತಿ ಊರಿನಲ್ಲೂ ಬೋಗುಣಿ ತುಂಬಿತು. ಮನೆಯಲ್ಲಿ ವರ್ಷಕ್ಕೆ ಕೆಲವೇ ಬಾರಿ ಕಾಣುವ ದೃಶ್ಯವನ್ನು ದಿನವೂ ಕಂಡು ರತ್ನಳ ಮುಖ ಹಿಗ್ಗಿತು. ಟೆಂಪೊದ ಬಾಟಲಿ, ಚೆಂಬು, ಫ್ಲಾಸ್ಕ್‌ಗಳಲ್ಲೆಲ್ಲ ಮಳೆನೀರು ತುಂಬಿಸಿದಳು. ಮೂರು ಹೊತ್ತೂ ತೊವ್ವೆ. ಬೇಳೆ ಬೆಂದಿತು, ನಾನು ಬೆಂದೆ, ಗೋವಿಂದ ಮಾತ್ರ ತಟ್ಟೆ ನೆಕ್ಕುತ್ತಿದ್ದ.

ಕಾಕಿನಾಡ ದಾಟಿದ ಮೇಲೆ ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಚಂಡಮಾರುತ ಸಮೀಪಿಸುತ್ತಿದೆ, ಮುಂದೆ ಹೋಗುವಂತಿಲ್ಲ, ಪಕ್ಕದ ಬೆಸ್ತರ ಹಳ್ಳಿಯಲ್ಲಿ ತುಫಾನಿನ ಆಶ್ರಯಕ್ಕೆಂದು ಕಟ್ಟಿದ ಕಟ್ಟಡವಿದೆ, ಅಲ್ಲಿರಿ ಎಂದರು. ಎತ್ತರದ ಕಂಬಗಳ ಮೇಲೆ ನಿಂತ, ಕೊಕ್ಕರೆಯಂತಹ ಕಟ್ಟಡ ಅದು. ಗೋವಿಂದ ಅದರ ಗೋಡೆಯ ಮರೆಗೆ ಟೆಂಪೊ ನಿಲ್ಲಿಸಿದ. ಹೆಂಗಸರು ಗಂಟುಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಗಂಡಸರು ದೋಣಿಗಳನ್ನು ದಡದ ಮೇಲಕ್ಕೆ ಎಳೆದು ಹಗ್ಗ ಬಿಗಿಯುತ್ತಿದ್ದರು. ಆಗಲೇ ನನ್ನ ಕಣ್ಣಿಗೆ ಬಿದ್ದದ್ದು: ಪ್ರತಿ ಮನೆಯ ಮುಂದೆಯೂ ಕೊಡ, ತಪ್ಪಲೆ, ಬಕೆಟ್ಟು, ಮೀನಿನ ಬುಟ್ಟಿ ಎಲ್ಲವೂ ಬೋರಲು. ಇಡೀ ಊರೇ ಆಕಾಶಕ್ಕೆ ಬೆನ್ನು ತಿರುಗಿಸಿ ಕುಳಿತಿತ್ತು. ಅದರ ನಟ್ಟನಡುವೆ ನಮ್ಮ ಬೋಗುಣಿ, ಬಾಯಿ ಮೇಲಾಗಿ, ಅಂಚಿನವರೆಗೆ ತುಂಬಿ.

ಸಂಭಾಷಣೆ ನಡೆದದ್ದು ತೆಲುಗಿನಲ್ಲಿ; ಓದಲು ಬಾರದಿದ್ದರೂ ಮಾವನ ಮನೆಯಲ್ಲಿ ಕೇಳಿ ಕೇಳಿ ನನಗೆ ಅರ್ಥವಾಗುವ, ಹೇಗೋ ಆಡಲೂ ಬರುವ ಭಾಷೆ. ನಿಮ್ಮ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಡುತ್ತೇನೆ. ಮೆಟ್ಟಿಲ ಮೇಲಿದ್ದ ಮುದುಕಿಯೊಬ್ಬಳು ಬೋಗುಣಿಯನ್ನು ಕಂಡು ಗಲ್ಲಕ್ಕೆ ಕೈ ಹಚ್ಚಿದಳು. "ನೋಡ್ರಮ್ಮ ನೋಡ್ರಿ, ಕರೀದೇ ಬರೋ ನೆಂಟನಿಗೆ ಈಯಮ್ಮ ಎಲೆ ಹಾಕಿ ಕರೀತಾಳೆ!"

"ಇನ್ನೇನು, ಉಪ್ಪಿನಕಾಯಿ ಬಡಿಸಾದು ಒಂದು ಬಾಕಿ" ಎಂದಳು ಇನ್ನೊಬ್ಬಳು. ನಗೆ ಹಬ್ಬಿತು. ರತ್ನಳಿಗೂ ನಗು ಬಂತು. "ನಮ್ಮೂರಿಗೆ ಈ ನೆಂಟ ಕಾಲು ಹಿಡಿದರೂ ಬರಲ್ಲಮ್ಮ" ಎಂದಳು ಅವಳು.

ನಗದೆ ನಿಂತಿದ್ದವಳು ಒಬ್ಬಳೇ: ನೂಕಮ್ಮ. ನಮ್ಮ ವಯಸ್ಸಿನವಳೇ, ಗಟ್ಟಿ ಮೈಕಟ್ಟಿನ ಹೆಂಗಸು. ಟೆಂಪೊದ ಗಾಲಿ ಮರಳಿನಲ್ಲಿ ಹೂತಾಗ ಗೋವಿಂದನ ಜೊತೆ ಹೆಗಲು ಕೊಟ್ಟು ನೂಕಿದವಳು ಇವಳೇ ಆದ್ದರಿಂದ ಹೆಸರಿನ ಅನ್ವರ್ಥತೆಯನ್ನು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ. ಅವಳು ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ಅದನ್ನ ಬೋರಲು ಹಾಕ್ತೀಯಾ? ನನ್ನ ಗಂಡ ಇನ್ನೂ ನೀರಿನ ಮೇಲವನೆ" ಎಂದಳು.

ಎಚ್ಚರಿಕೆ ಬಂದೊಡನೆ ಹಿಂದಿರುಗಿದ ದೋಣಿಗಳೆಲ್ಲ ದಡದ ಮೇಲಿದ್ದವು. ಅವಳ ಗಂಡ ಅಪ್ಪಲರಾಜುವಿನದು ಮಾತ್ರ ಬಂದಿರಲಿಲ್ಲ. ಫೋನು ಹೋಗುತ್ತಿರಲಿಲ್ಲ. ಬೆಳಗ್ಗೆ ದೂರದಲ್ಲಿ ಅವನ ದೋಣಿಯನ್ನು ಕಂಡೆವೆಂದು ಹೇಳುವವರಿದ್ದರು. ಅದರ ಎಂಜಿನ್ನಿನ ಸದ್ದು ಸರಿಯಿರಲಿಲ್ಲವೆಂದು ಹೇಳುವವರೂ ಇದ್ದರು.

ಇಂತಹ ಹೊತ್ತಿನಲ್ಲಿ ವಿದ್ಯಾವಂತನಾದವನು ಸುಮ್ಮನಿರಬಾರದೆಂದು ಭಾವಿಸಿ ನಾನು ಬಾಯಿ ತೆರೆದೆ. ಬೋಗುಣಿಯ ದಿಕ್ಕಿಗೂ ವಾಯುಮಂಡಲದ ಒತ್ತಡಕ್ಕೂ ಯಾವ ಸಂಬಂಧವೂ ಇಲ್ಲವೆಂದು, ಆದ್ದರಿಂದ ಹಾಗಿಟ್ಟರೂ ಒಂದೇ ಹೀಗಿಟ್ಟರೂ ಒಂದೇ ಎಂದು ಸೋದಾಹರಣವಾಗಿ ವಿವರಿಸತೊಡಗಿದೆ. ರತ್ನ ನನ್ನ ಕಡೆ ತಿರುಗದೆಯೇ ಕನ್ನಡದಲ್ಲಿ, "ನೀವು ಸುಮ್ಕಿರ್ರಿ. ಒಂದೇ ಆಗಿದ್ರೆ ನಂಗ್ಯಾಕೆ ಕೈ ಬರವಲ್ದು?" ಎಂದಳು.

ಕೈ ಬರುತ್ತಿರಲಿಲ್ಲ, ನಿಜ. ಬೋಗುಣಿಯ ಎರಡು ಅಂಚುಗಳನ್ನೂ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ನಮ್ಮ ಸೀಮೆಯ ಹೆಂಗಸೊಬ್ಬಳಿಗೆ ತುಂಬಿದ ಮಳೆನೀರನ್ನು ನೆಲಕ್ಕೆ ಚೆಲ್ಲಲು ಹೇಳುವುದೆಂದರೆ ಏನೆಂಬುದನ್ನು ಆ ಕಡಲಿನವರು ಅರಿಯರು. ಬೇಡುವುದನ್ನು ಮಾತ್ರ ಅಭ್ಯಾಸ ಮಾಡಿದ ವಂಶ ಅದು. ಬೇಡವೆನ್ನುವುದು ಅದರ ನಾಲಗೆಗೆ ಹೊಸತು. ನೂಕಮ್ಮನೋ ಒತ್ತಾಯಿಸಲಿಲ್ಲ. ಸಮುದ್ರದ ಕಡೆ ಮುಖಮಾಡಿ ನಿಂತಿದ್ದಳು.

ಕೊನೆಗೆ ರತ್ನ ಎದ್ದಳು. ನೀರನ್ನು ಚೆಲ್ಲಲಿಲ್ಲ. ಬೋಗುಣಿಯನ್ನು ಹಾಗೇ ಎತ್ತಿಕೊಂಡು ಟೆಂಪೊ ಹತ್ತಿ, "ಗೋವಿಂದ, ದೊಡ್ಡ ಪಾತ್ರೆ ಇಳಿಸೋ. ಇರೋ ಬೇಳೇನೆಲ್ಲ ಹಾಕ್ತೀನಿ" ಎಂದಳು. ಹೊರಗೆ ಗಾಳಿ ತೆಂಗಿನ ಮರಗಳ ಜುಟ್ಟು ಹಿಡಿದು ಜಗ್ಗುತ್ತಿರಲು, ಒಳಗೆ ರೇಷ್ಮೆಯ ಪರದೆಗಳ ನಡುವೆ ತೊವ್ವೆ ಕುದಿಯಿತು. ಅನ್ನಕ್ಕೂ ಆ ನೀರೇ. ಬಾಟಲಿ, ಚೆಂಬು, ಫ್ಲಾಸ್ಕ್‌ಗಳೂ ಬರಿದಾದವು. ನಾನೂ ಗೋವಿಂದನೂ ಪಾತ್ರೆಗಳನ್ನು ಮೆಟ್ಟಿಲ ಮೇಲೆ ಹೊತ್ತು ಸಾಗಿಸಿದೆವು. ನಗೆಯಾಡಿದ್ದ ಮುದುಕಿ ಎರಡನೆಯ ಸಲ ಬಡಿಸಿಕೊಳ್ಳುತ್ತ, "ಬೇಳೆ ಏನೋ ಹೂವಿನಂಗೆ ಬೆಂದೈತೆ. ಆದರೆ ನಿಮ್ಮೂರಲ್ಲಿ ಮೆಣಸಿನಕಾಯಿ ಬೆಳೆಯಲ್ವಾ?" ಎಂದು ವಿಚಾರಿಸಿದಳು. ನೂಕಮ್ಮ ಮಾತ್ರ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು. "ಉಣ್ಣು, ನಾಳೆ ಅವನಿಗೆ ಬಯ್ಯಾಕೆ ಬಲ ಬೇಕಲ್ಲ" ಎಂದು ರತ್ನ ಪಕ್ಕದಲ್ಲಿ ಕುಳಿತ ಮೇಲೆ ನಾಲ್ಕು ತುತ್ತು ಇಳಿದವು.

ಆಮೇಲೆ ರತ್ನ ಕೆಳಗಿಳಿದು ಬೋಗುಣಿಯನ್ನು ತೊಳೆದಳು. ಒಂದು ಗಳಿಗೆ ಅದನ್ನು ಎದೆಗೆ ಒತ್ತಿಕೊಂಡು ನಿಂತಳು. "ಅವ್ವ, ಬಯ್ಯಬ್ಯಾಡ" ಎಂದದ್ದು ನನಗೆ ಕೇಳಿಸಿತು. ಬಳಿಕ ಟೆಂಪೊದ ಗಾಲಿಯ ಪಕ್ಕದಲ್ಲಿ, ಇಡೀ ಊರಿನ ಪಾತ್ರೆಗಳ ಜೊತೆಗೆ, ಅದನ್ನು ಬೋರಲು ಹಾಕಿದಳು.

ಸಂಜೆಯಾಗುತ್ತಿದ್ದಂತೆ ಗಾಳಿ ಬಲಿಯಿತು. ಬಾಗಿಲು ಹಾಕುವ ಮುನ್ನ ಟೆಂಪೊವನ್ನು ಒಮ್ಮೆ ನೋಡಿ ಬರುತ್ತೇನೆಂದು ಹೇಳಿ ನಾನೊಬ್ಬನೇ ಇಳಿದು ಹೋದೆ. ಅಲ್ಯೂಮಿನಿಯಂ ಹಗುರ ಲೋಹ. ಗಾಳಿಗೆ ಮಗುಚಿಕೊಂಡು ಅದರ ಬಾಯಿ ಮೇಲಾದರೆ? ಹಾಗಾದರೆ ಏನಾಗುತ್ತದೆಂದು ನನ್ನನ್ನು ಕೇಳಬೇಡಿ. ಏನೂ ಆಗುವುದಿಲ್ಲವೆಂದು ಆಗಷ್ಟೇ ಸೋದಾಹರಣವಾಗಿ ವಿವರಿಸಿದವನು ನಾನು. ಎರಡೂ ಕೈಯಲ್ಲಿ ಎತ್ತಬೇಕಾದಂತಹ ಒಂದು ಕಲ್ಲನ್ನು ಹುಡುಕಿ ತಂದು ಬೋಗುಣಿಯ ಬೆನ್ನ ಮೇಲಿಟ್ಟೆ. ಅದರ ಹಳೆಯ ನಗ್ಗುಗಳ ಸಾಲಿಗೆ ಹೊಸದೊಂದು ಸೇರಿತು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಗೋವಿಂದ ನಿಂತಿದ್ದ. "ಏನ್ ಭಾವ, ಒತ್ತಡ ಅಳೀತಿದ್ರಾ?" ಎಂದು ಕೇಳಿದ. ಪ್ರಶ್ನೆಯ ವಾಕ್ಯರಚನೆಯಲ್ಲಿ ದೋಷವಿರಲಿಲ್ಲವಾದ್ದರಿಂದ ನಾನು ಅವನನ್ನು ದಾಟಿ ಮೆಟ್ಟಿಲು ಹತ್ತಿದೆ.

ಬೆಳಗಾಗುವ ವೇಳೆಗೆ ಚಂಡಮಾರುತ ಇನ್ನೂ ಉತ್ತರಕ್ಕೆ ಸರಿದುಹೋಗಿತ್ತು. ಕೆಲವು ಮನೆಗಳ ಹೊದಿಕೆಗಳು ಹಾರಿದ್ದವು, ತೆಂಗಿನ ಮರಗಳು ಅಡ್ಡಬಿದ್ದಿದ್ದವು. ಜನ ಒಬ್ಬರ ಅಂಗಳ ಒಬ್ಬರು ಗುಡಿಸುತ್ತಿದ್ದರು. ನೂಕಮ್ಮ ದಡದಲ್ಲಿ ನಿಂತಿದ್ದಳು, ಜೊತೆಗೆ ರತ್ನ. ಎಲ್ಲರ ಕಣ್ಣೂ ಸಮುದ್ರದ ಮೇಲೆ. ಅಪ್ಪಲರಾಜು ಬಂದದ್ದು ಹಿಂದಿನಿಂದ, ರಸ್ತೆಯ ಕಡೆಯಿಂದ, ಒಂದು ಗೂಡ್ಸ್ ಆಟೊದಲ್ಲಿ ಕೋಳಿಪಂಜರಗಳ ನಡುವೆ ಕುಳಿತು! ಎಂಜಿನ್ ಕೆಟ್ಟ ದೋಣಿಯನ್ನು ಬೇರೊಂದು ದೋಣಿಯವರು ಎಳೆದುಕೊಂಡು ದಕ್ಷಿಣದ ಅಳಿವೆಯೊಂದರೊಳಗೆ ಸೇರಿಸಿದ್ದರಂತೆ. ಫೋನು ನೀರಿಗೆ ಬಿದ್ದಿತ್ತಂತೆ. ಕಡಲನ್ನು ಗೆದ್ದ ಆ ವೀರ ತಲೆಗೂದಲಿನಲ್ಲಿ ಕೋಳಿಪುಕ್ಕ ಸಿಕ್ಕಿಸಿಕೊಂಡು ಇಳಿದು, ನಮ್ಮ ಟೆಂಪೊದ ಜರಿಯಂಚಿನ ಪರದೆಗಳನ್ನು ದಿಟ್ಟಿಸಿ, ಆಡಿದ ಮೊದಲ ಮಾತು: "ಈ ಗಾಳಿಯೊಳಗೆ ಯಾರ ಮದುವೆನೇ?"

"ನಿಂದೇ! ಇನ್ನೊಂದ್ಸಲ ಆಗ್ತೀಯೇನು?" ಎಂದು ನೂಕಮ್ಮ ಅವನ ಬೆನ್ನಿಗೆ ಒಂದು ಬಿಟ್ಟಳು, ಬಿಟ್ಟು, ಅದೇ ಬೆನ್ನಿಗೆ ಹಣೆಯಿಟ್ಟು ಅತ್ತಳು. ಉಂಡ ನಾಲ್ಕು ತುತ್ತು ವ್ಯರ್ಥವಾಗಲಿಲ್ಲ.

ಆ ಹೊತ್ತಿಗೇ ರತ್ನಳ ಫೋನು ಸದ್ದು ಮಾಡಿತು. ಚಳ್ಳಕೆರೆಯ ಪಕ್ಕದ ಮನೆಯವರು. "ಅಕ್ಕ, ನಿನ್ನೆಯಿಂದ ಇಲ್ಲಿ ಜಡಿಮಳೆ! ನಿಮ್ಮ ಬೋಗುಣಿ ಇಲ್ಲ ಅಂತ ನಮ್ಮ ಬಕೆಟ್ ಇಟ್ಟೀವಿ" ಎಂಬ ಕೂಗು ನನಗೂ ಕೇಳಿಸಿತು. ಅದೇ ಚಂಡಮಾರುತದ ಸೆರಗು. ನಮ್ಮ ಬಯಲಿಗೆ ಮಳೆಯಾದ ಸುದ್ದಿ ಕೇಳಿ ರತ್ನ ಹಿಗ್ಗನ್ನು ಅಡಗಿಸಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು. ದನಿ ತಗ್ಗಿಸಿ, ಹಾರಿಹೋದ ಸೂರುಗಳ ಕಡೆ ನೋಡುತ್ತ, ಕದ್ದ ಮಾಲನ್ನು ಮಡಿಲಲ್ಲಿ ಬಚ್ಚಿಟ್ಟವಳಂತೆ ನಿಂತಳು. ನೂಕಮ್ಮನ ಕಣ್ಣು ಚುರುಕು. ಏನೆಂದು ಕೇಳಿ ತಿಳಿದು, ಮೂಗು ಒರೆಸಿಕೊಂಡು ನಕ್ಕಳು. "ನಾವು ಬಾಗಿಲು ಹಾಕಿದ್ವಿ, ನಿಮ್ಮನೆಗೆ ಬಂತಾ? ಹೋಗ್ಲಿ ಬಿಡಕ್ಕ, ಬೇಕಾದೋರ ಮನೆಗೇ ಹೋಯ್ತಲ್ಲ."

ಬೋಗುಣಿಯ ಮೇಲಿನ ಕಲ್ಲನ್ನು ತೆಗೆದವಳು ಅವಳೇ. ಖಾಲಿ ಪಾತ್ರೆಯನ್ನು ಹಿಂದಿರುಗಿಸಬಾರದೆಂಬ ನಿಯಮ ಅಲ್ಲಿಯೂ ಇದೆಯಂತೆ. ಗಾಳಿ ಉದುರಿಸಿದ್ದ ಎಳನೀರುಗಳನ್ನು ತುಂಬಿ ಕೊಟ್ಟಳು. ಆಮೇಲೆ ನಾವು ಪುರಿಯವರೆಗೂ ಹೋದೆವು. ಅಲ್ಲಿಯ ಸಮುದ್ರ, ತಪಾಸಣಾಧಿಕಾರಿ ಬಂದುಹೋದ ಮರುದಿನದ ತರಗತಿಯಂತೆ, ಅತ್ಯಂತ ವಿಧೇಯವಾಗಿತ್ತು.

ಬೋಗುಣಿಯ ವಿಷಯಕ್ಕೆ ಮರಳುತ್ತೇನೆ. ಅದು ಈಗಲೂ ನಮ್ಮ ಸೂರಿನ ಅಂಚಿನಲ್ಲೇ ಇದೆ. ಬಿಸಿಲು, ಬೇವಿನ ಎಲೆ, ಬೆಕ್ಕು ಎಲ್ಲವೂ ಯಥಾಪ್ರಕಾರ. ಆದರೆ ಸಂವಿಧಾನಕ್ಕೆ ಒಂದು ತಿದ್ದುಪಡಿಯಾಗಿದೆ, ಮತ್ತು ಅದನ್ನು ಮಾಡಿದವನು ನಾನಲ್ಲ. ಮೊನ್ನೆ ಸಂಜೆ ವಾರ್ತಾವಾಚಕರು ಬಂಗಾಳಕೊಲ್ಲಿಯ ವಾಯುಭಾರ ಕುಸಿತವನ್ನು ಗಂಭೀರಮುದ್ರೆಯಿಂದ ಓದಿದರು. ರತ್ನ ಹೊರಗೆ ಹೋದಳು. ಬೋಗುಣಿಯ ಧೂಳು ಒರೆಸಿದಳು. ಅನಂತರ ಅದನ್ನು ಬಾಯಿ ಮೇಲಾಗಿಯೂ ಇಡದೆ, ಬೋರಲೂ ಹಾಕದೆ, ಮಗ್ಗುಲಾಗಿ ಮಲಗಿಸಿದಳು. ಉರುಳದಿರಲೆಂದು ಅದಕ್ಕೊಂದು ಕಲ್ಲು ಒತ್ತು ಕೊಡುವ ಹೊಣೆ ನನ್ನದು. ಮೂಡಣದಲ್ಲಿ ಮುಗಿಲು ಕಪ್ಪಾಗಿತ್ತು. ಒಂದೆರಡು ಹನಿ ನನ್ನ ಬೋಳುತಲೆಯ ಮೇಲೆ ಬಿದ್ದವು. ಅವಳು ಫೋನು ಕಿವಿಗಿಟ್ಟು ಮೆಟ್ಟಿಲ ಮೇಲೆ ಕುಳಿತಿದ್ದಳು. ಅತ್ತ ಕಡೆ ನೂಕಮ್ಮನ ಫೋನು ರಿಂಗಾಗುತ್ತಿತ್ತು. ನಾನು ಬೋಗುಣಿಯ ಪಕ್ಕದಲ್ಲೇ ನಿಂತಿದ್ದೆ. ತುಸು ಹೊತ್ತು ತೆಲುಗಿನಲ್ಲಿ ಮಾತು, ನಡುವೆ ಬಯ್ಗುಳದಂತಹ ನಗು. ಬಳಿಕ ಅವಳು ನನ್ನ ಕಡೆ ಕೈಬೀಸಿದಳು.

"ಆವಣ್ಣ ಮನೆಗೆ ಬಂದವ್ನಂತೆ ಕಣ್ರೀ. ಕಲ್ಲು ತೆಗೀರಿ."

ನಾನು ಕಲ್ಲು ತೆಗೆದು, ಬೋಗುಣಿಯನ್ನು ಬಾಯಿ ಮೇಲಾಗಿ ನಿಲ್ಲಿಸಿದೆ.